ಮೊದಲು ಕಾಕು, ಆಮೇಲೆ ಮನೆ

"ಕುಠೇ ಉತರಣಾರ್?"

ದಾದರಿನಲ್ಲಿ ಲೋಕಲ್ ರೈಲಿನ ಹೆಂಗಸರ ಡಬ್ಬಿ ಹತ್ತಿ, ಹೇಗೋ ಸಿಕ್ಕ ಸೀಟಿನಲ್ಲಿ ಕೂತ ತಕ್ಷಣ ಎದುರಿಗೆ ನಿಂತಿದ್ದ ಹೆಂಗಸು ನನ್ನನ್ನು ಕೇಳಿದ ಮಾತು ಇದು. ಎಲ್ಲಿ ಇಳಿಯುತ್ತೀರಿ ಎಂದು. ಮುಂಬೈಯಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ ಎಂದು ಮೈಸೂರಿನಲ್ಲಿ ಎಲ್ಲರೂ ಹೆದರಿಸಿ ಕಳಿಸಿದ್ದರು. ಬಂದ ವಾರದಲ್ಲೇ ಒಬ್ಬರು ಹೀಗೆ ವಿಚಾರಿಸಿದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ನನ್ನ ಹರಕುಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಮೈಸೂರಿನವಳು, ವಿಮಾ ಕಂಪನಿಯಲ್ಲಿ ಕೆಲಸ, ಬಡ್ತಿ ಸಿಕ್ಕಿ ಐರೋಲಿಯ ಆಫೀಸಿಗೆ ವರ್ಗವಾಗಿದೆ, ಗಂಡ ಊರಿನಲ್ಲೇ ಕಾಲೇಜಿನ ಮೇಷ್ಟ್ರು, ಆರು ವರ್ಷದ ಮಗಳನ್ನು ಕರೆದುಕೊಂಡು ಬರಬೇಕು, ಠಾಣೆ ಸಂಸಾರಸ್ಥರಿಗೆ ಒಳ್ಳೆಯ ಊರಂತೆ, ಬಾಡಿಗೆ ಮನೆ ನೋಡಲು ಹೊರಟಿದ್ದೇನೆ.

ಆಕೆ ಅಷ್ಟನ್ನೂ ತಾಳ್ಮೆಯಿಂದ ಕೇಳಿ, "ಮ್ಹಣಜೇ ಠಾಣಾ", ಅಂದರೆ ಠಾಣೆ ಅನ್ನಿ, ಎಂದು ತೀರ್ಮಾನಿಸಿ, ಠಾಣೆಯಿಂದಾಚೆಗೆ ನನ್ನ ಸೀಟು ತನ್ನದು ಎಂದು ಹಿಂದೆ ನಿಂತವರಿಗೆಲ್ಲ ಸಾರಿದರು. ಇಲ್ಲಿ ಸೀಟು ಹಿಡಿಯುವ ಕ್ರಮವೇ ಹಾಗಂತೆ. ಕೂತವರು ಎಲ್ಲಿ ಇಳಿಯುತ್ತಾರೆ ಎಂದು ಕೇಳಿಟ್ಟುಕೊಂಡರೆ ಆ ಜಾಗ ಕೇಳಿದವರ ಪಾಲಿಗೆ. ಸಂಸಾರದ ಕಥೆಯನ್ನೆಲ್ಲ ಬಿಚ್ಚಿಟ್ಟ ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಠಾಣೆ ಹತ್ತಿರವಾದಾಗ ಆಕೆ ಇನ್ನೊಂದು ಮಾತು ಕೇಳಿದರು. ಈ ಸಲ ಸೀಟಿಗಾಗಿ ಅಲ್ಲ. "ಬಚ್ಚೀ ಛೋಟೀ ಹೈ ನಾ? ತುಮ್ ಆಫೀಸ್ ಗಯೇ ತೋ ಉಸ್ಕೋ ಕೌನ್ ಸಂಭಾಲೇಗಾ?" ನೀವು ಆಫೀಸಿಗೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು? ಉತ್ತರ ಹೊಳೆಯುವ ಮೊದಲೇ ಠಾಣೆ ಬಂತು.

ಉತ್ತರ ಇದ್ದದ್ದು ನನ್ನ ಗಂಡ ರಘುವಿನ ಹತ್ತಿರ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆಯ ಪಕ್ಕದ ಬೀದಿಯಲ್ಲೇ ನನ್ನ ಅಮ್ಮ ಇದ್ದಾಳೆ. ಮಗಳು ಇಳಾ ಶಾಲೆ ಬಿಟ್ಟ ಮೇಲೆ ಸೀದಾ ಅಜ್ಜಿಯ ಮನೆಗೆ ಹೋಗುತ್ತಿದ್ದಳು. ವರ್ಗದ ಸುದ್ದಿ ಬಂದ ದಿನ ರಘು ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನೀನು ಹೋಗು ಕಣೇ. ಇದಕ್ಕೆ ಎಷ್ಟು ವರ್ಷದಿಂದ ಕಾದಿದ್ದೀಯ ಅಂತ ನಂಗೊತ್ತು. ಆದ್ರೆ ಮಗೂನ ಅಲ್ಲಿ ಯಾರ ಕೈಲಿ ಬಿಡ್ತೀಯ? ದೀಪಾವಳಿ ತನಕ ನೋಡೋಣ. ಸರಿಹೋಗ್ಲಿಲ್ಲ ಅಂದ್ರೆ ಇಳಾ ಇಲ್ಲಿಗೇ ವಾಪಸ್ ಬಂದ್ಬಿಡ್ಲಿ."

ನ್ಯಾಯವಾದ ಮಾತು. ನ್ಯಾಯವಾದ ಮಾತಿನ ಮೇಲೆ ಜಗಳವಾಡುವುದು ಎಷ್ಟು ಕಷ್ಟ ಎಂದು ಸಂಸಾರ ಮಾಡಿದವರಿಗೆಲ್ಲ ಗೊತ್ತು. ಒಪ್ಪಿಕೊಂಡೆ. ಕೆಲಸವೂ ಬೇಕು, ಮಗಳೂ ನನ್ನ ಜೊತೆ ಬೇಕು ಎಂಬುದು ದುರಾಸೆಯೋ ಏನೋ, ಆದರೆ ಎರಡರಲ್ಲಿ ಒಂದನ್ನೂ ಬಿಡಲು ನನಗೆ ಮನಸ್ಸಿರಲಿಲ್ಲ.

ಹಾಗಾಗಿ ಮನೆ ಹುಡುಕುವಾಗ ಮಗುವಿಗೆ ಏನು ಬೇಕು ಎಂದೇ ಯೋಚಿಸಿದೆ, ಯೋಚಿಸಿ ತಪ್ಪು ಮನೆಯನ್ನೇ ಹಿಡಿದೆ. ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಕತ್ತೆತ್ತಿ ನೋಡಿದರೆ ಟೋಪಿ ಬೀಳುವಂಥ ಕಟ್ಟಡ. ಈಜುಕೊಳ, ಮಕ್ಕಳಿಗೆ ಜಾರುಬಂಡೆ, ಮೆತ್ತನೆಯ ನೆಲದ ಆಟದ ಅಂಗಳ, ಕಿಟಕಿಯಿಂದ ಹಸಿರು ಗುಡ್ಡ. ಫೋಟೋ ನೋಡಿ ಮೈಸೂರಿನಲ್ಲಿ ಎಲ್ಲರೂ ಭೇಷ್ ಅಂದರು. ನಮ್ಮ ಊರಿನಲ್ಲಿ ಮನೆ ಬಾಡಿಗೆಗೆ ಕೇಳಲು ಹೋದರೆ ಮಾಲೀಕರು ಯಾವ ಜನ, ಮಾಂಸ ತಿನ್ನುತ್ತೀರಾ, ನೆಂಟರು ಬಂದು ಉಳಿಯುತ್ತಾರಾ ಎಂದು ಜಾತಕ ಕೇಳುತ್ತಾರಲ್ಲ, ಇಲ್ಲಿನ ಬ್ರೋಕರ್ "ಫ್ಯಾಮಿಲಿ ಹೈ ನಾ?" ಎಂದು ಕೇಳಿ, ಹೌದು ಅಂದ ಮೇಲೆ ಬೇರೇನೂ ಕೇಳಲಿಲ್ಲ. ಎಂಥ ದೊಡ್ಡ ಮನಸ್ಸಿನ ಊರು ಎಂದುಕೊಂಡೆ. ಕೇಳುವವರೇ ಇಲ್ಲದ ಕಡೆ ಹೇಳುವವರೂ ಇರುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ.

ಇಳಾಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟುಕೊಂಡೆ. ಒಳ್ಳೆಯವಳೇ. ಆದರೆ ಅವಳಿಗೂ ಮನೆ ಇತ್ತು, ಮಕ್ಕಳಿದ್ದರು, ಸಂಜೆ ಹಿಡಿಯಬೇಕಾದ ಬಸ್ಸಿತ್ತು. ಮೇ ತಿಂಗಳ ಒಂದು ಸಂಜೆ ರಸ್ತೆಯಲ್ಲಿ ಗಾಡಿಗಳು ನಿಂತಲ್ಲೇ ನಿಂತವು. ನನ್ನ ಫೋನಿನ ಜೀವ ಹೋಗಿತ್ತು. ನಾನು ಮನೆ ಮುಟ್ಟಿದಾಗ ಆ ಹೆಂಗಸು ತನ್ನ ಬಸ್ಸು ಹಿಡಿದು ಹೋಗಿದ್ದಳು, ಇಳಾ ಕೆಳಗೆ ಹಜಾರದಲ್ಲಿ ಸೆಕ್ಯುರಿಟಿಯವರ ಕುರ್ಚಿಯ ಮೇಲೆ, ಕಾಲು ನೆಲಕ್ಕೆ ಎಟುಕದೆ ಕೂತಿದ್ದಳು. ಕೈಯಲ್ಲಿ ಅವರು ಕೊಟ್ಟ ಬಿಸ್ಕತ್ತು. ಲಿಫ್ಟಿನಿಂದ ಬರುವವರು, ಹೋಗುವವರು ಅವಳನ್ನು ನೋಡಿ ನಗುತ್ತಿದ್ದರು, ಕೆಟ್ಟವರು ಯಾರೂ ಇರಲಿಲ್ಲ. ಅಷ್ಟು ಎತ್ತರದ ಕಟ್ಟಡದಲ್ಲಿ ಅವಳನ್ನು ಒಳಗೆ ಕರೆದು ಕೂರಿಸಿಕೊಳ್ಳುವಷ್ಟು ನನಗೆ ಪರಿಚಯದ ಒಂದು ಮನೆಯೂ ಇರಲಿಲ್ಲ, ಅಷ್ಟೇ.

"ಅಮ್ಮ, ನಾನು ಅಳ್ಲಿಲ್ಲ," ಎಂದಳು ಇಳಾ.

ನಾನು ಅತ್ತೆ. ರಘುವಿಗೆ ಫೋನ್ ಮಾಡಿ ಬಂದು ಕರೆದುಕೊಂಡು ಹೋಗು ಎನ್ನಲು ಮನಸ್ಸು ಮಾಡಿ, ಕೊನೆಗೆ ಮಾಡಲಿಲ್ಲ.

ಮರುದಿನ ಆಫೀಸಿನಲ್ಲಿ ನನ್ನ ಊದಿದ ಕಣ್ಣು ನೋಡಿ ಕಾರಣ ಕೇಳಿದವರು ಜಯಂತಿ ಅಕ್ಕ. ಉಡುಪಿಯ ಕಡೆಯ ಮನೆತನ, ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿ. ಮನೆಯಲ್ಲಿ ತುಳು, ರೈಲಿನಲ್ಲಿ ಮರಾಠಿ, ನನ್ನ ಜೊತೆ ಕನ್ನಡ.

"ಎಂಥ ಮಾರಾಯ್ತಿ, ನೀನು ಸ್ವಿಮ್ಮಿಂಗ್ ಪೂಲ್ ನೋಡಿ ಮನೆ ಮಾಡಿದ್ದಾ? ಅದರಲ್ಲಿ ಈಜುವುದು ಯಾರು, ನೀನಾ?" ಎಂದು ಮೊದಲು ಬೈದರು. ಆಮೇಲೆ ಹೇಳಿದರು. "ನಮ್ಮಲ್ಲಿ ಹಾಗಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು ಮೊದಲು ಕಾಕು ಹುಡುಕ್ಲಿಕ್ಕುಂಟು. ಕಾಕು ಸಿಕ್ಕಿದ ಮೇಲೆ ಅವರ ಮನೆ ಹತ್ತಿರ ಯಾವ ಖೋಲಿ ಖಾಲಿ ಉಂಟು ನೋಡುವುದು. ನನ್ನ ಇಬ್ಬರು ಮಕ್ಕಳೂ ಹಾಗೇ ದೊಡ್ಡದಾದದ್ದು. ಟೆನ್ಶನ್ ನಕೋ. ಭಾನುವಾರ ಬಾ."

ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಇಲ್ಲಿ ಪಾಳಣಾಘರ್ ನಡೆಸುವ ಗೃಹಿಣಿಯನ್ನೂ ಹಾಗೇ ಕರೆಯುತ್ತಾರೆ. ಪಾಳಣಾ ಎಂದರೆ ತೊಟ್ಟಿಲು, ಆದರೆ ತೊಟ್ಟಿಲು ದಾಟಿದ ಮಕ್ಕಳೂ ಶಾಲೆ ಬಿಟ್ಟು ಅಲ್ಲಿಗೇ ಬರುತ್ತಾರೆ. ಬೋರ್ಡು ಇರುವುದಿಲ್ಲ, ಬಣ್ಣದ ಗೋಡೆ ಇರುವುದಿಲ್ಲ. ಅವರ ಮನೆಯೇ ಅದು. ಮಕ್ಕಳು ಅಲ್ಲೇ ಉಂಡು, ಮಲಗಿ, ಪಾಠ ಬರೆದು, ಜಗಳವಾಡಿ, ಅಪ್ಪ ಅಮ್ಮನ ರೈಲು ಬಂದಾಗ ಮನೆಗೆ ಹೋಗುತ್ತಾರೆ. ಜಯಂತಿ ಅಕ್ಕ ಇದನ್ನೆಲ್ಲ ಹೇಳುವ ಮೊದಲು ಒಂದು ಸಲ, ಆಫೀಸಿಗೆ ಹತ್ತಿರ ಎಂದು ಐರೋಲಿಯ ಪಕ್ಕದ ಘಣಸೋಲಿಯಲ್ಲೂ ಮನೆ ನೋಡಿ ಬಂದಿದ್ದೆ. ಅಗಲ ರಸ್ತೆ, ಅಂದದ ಸೆಕ್ಟರುಗಳು, ಇಷ್ಟವಾಗಿತ್ತು. ಅಲ್ಲೂ ಇಂಥವರು ಇರಬಹುದು, ಆದರೆ ಅವರ ಬಾಗಿಲು ತೋರಿಸಲು ಅಲ್ಲಿ ನನಗೆ ಜಯಂತಿ ಅಕ್ಕ ಇರಲಿಲ್ಲ.

ಡೊಂಬಿವಲಿ ಪೂರ್ವದಲ್ಲಿ, ಲಿಫ್ಟಿಲ್ಲದ ಹಳೆಯ ಕಟ್ಟಡದ ಎರಡನೆಯ ಮಹಡಿ. ಕಾಕು ಗಟ್ಟಿ ಮೈಕಟ್ಟಿನ, ಗಟ್ಟಿ ದನಿಯ ಹೆಂಗಸು. ಟೀವಿಯಲ್ಲಿ ಮರಾಠಿ ಧಾರಾವಾಹಿ ಕೂಗುತ್ತಿತ್ತು, ಅದನ್ನು ಆರಿಸುವ ಸೌಜನ್ಯವನ್ನೇನೂ ಅವರು ತೋರಲಿಲ್ಲ. ನಾನು ಅವರಿಗೆ ಕೇಳಬೇಕೆಂದು ಪ್ರಶ್ನೆಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರೇ ಕೇಳತೊಡಗಿದರು, ಅದೂ ನನ್ನನ್ನಲ್ಲ, ಇಳಾಳನ್ನು. ಮವೂ ಭಾತ್, ಅಂದರೆ ಮೆತ್ತಗೆ ಬೇಯಿಸಿದ ಅನ್ನ, ತಿನ್ನುತ್ತೀಯಾ ಎಂದರು. ಸನ್ನೆಯಲ್ಲೇ ಅರ್ಥ ಮಾಡಿಕೊಂಡು ಇಳಾ ತಲೆಯಾಡಿಸಿದಳು. ಕಾಕು ತಟ್ಟೆ ಹಾಕಿಯೇಬಿಟ್ಟರು. ಅನ್ನದ ಮೇಲೆ ವರಣ್, ಅಂದರೆ ಖಾರವಿಲ್ಲದ ತೊವ್ವೆ, ಮೇಲೆ ತುಪ್ಪ. ನಮ್ಮ ಮೆಣಸಿನ ಸಾರು ಇಲ್ಲದೆ ತುತ್ತು ಎತ್ತದ ಹುಡುಗಿ ತಟ್ಟೆ ಖಾಲಿ ಮಾಡಿದಳು.

ಆಮೇಲೆ ನನ್ನ ಸರದಿ. "ಏಕ್ ಬಾತ್. ದರವಾಜೇ ಪೇ ರೋನೇ ಕಾ ನಹೀಂ," ಎಂದರು. ಬಾಗಿಲಲ್ಲಿ ಅಳುವಂತಿಲ್ಲ ಎಂದು.

"ನಹೀಂ ಕಾಕು, ಬಹುತ್ ರೋತೀ ನಹೀಂ ಹೈ," ಎಂದು ಮಗಳ ಪರ ಮಾತಾಡಿದೆ.

"ಮುಲ್ಗೀ ನಹೀಂ. ತುಮ್." ಹುಡುಗಿ ಅಲ್ಲ, ನೀನು. ಜಯಂತಿ ಅಕ್ಕ ಪಕ್ಕದಲ್ಲಿ ಕಿಸಕ್ಕನೆ ನಕ್ಕರು. ಕಾಕು ನಗಲಿಲ್ಲ. "ಔರ್ ಗಾಡೀ ಬಂದ್ ಹೋ ಗಯೀ ತೋ ಘಬರಾನೇ ಕಾ ನಹೀಂ. ಮುಲ್ಗೀ ಜೇವೂನ್ ಝೋಪೇಲ್." ರೈಲು ನಿಂತರೂ ಹೆದರಬೇಡ, ಹುಡುಗಿ ಉಂಡು ಮಲಗುತ್ತಾಳೆ. ಬಂದ ಮೇಲೆ ಈ ಊರಿನಲ್ಲಿ ಯಾರೂ ನನಗೆ ಇಷ್ಟು ಸಮಾಧಾನದ ಮಾತು ಹೇಳಿರಲಿಲ್ಲ. ಬಾಗಿಲಲ್ಲಿ ಅಳಬಾರದು ಎಂಬ ನಿಯಮವನ್ನು ಅಲ್ಲೇ ಮುರಿಯುವುದರಲ್ಲಿದ್ದೆ.

ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಗುಡ್ಡ ಕಾಣುವ ಮನೆ ಬಿಟ್ಟು, ಕಾಕುವಿನ ಎದುರಿನ ಕಟ್ಟಡಕ್ಕೆ ಬಂದೆವು. ಕಿಟಕಿಯಿಂದ ಈಗ ಕಾಣುವುದು ಕಾಕುವಿನ ಬಾಲ್ಕನಿ ಮತ್ತು ಅಲ್ಲಿ ಒಣಗಲು ಹಾಕಿದ ಹಪ್ಪಳ. ನೀರು ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು. ಇಲ್ಲಿನ ಸೆಕೆಯಲ್ಲಿ ಮೈಸೂರಿನ ಬೇಸಿಗೆ ನೆನೆದರೆ ಅದನ್ನೇ ಚಳಿಗಾಲ ಅನ್ನಬೇಕು. ನಮ್ಮ ಕಡೆ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಮಾತಾಡಿಸಿ, ಊಟ ಆಯ್ತಾ ಎಂದು ಕೇಳಿ ಸುಮ್ಮನಾಗುತ್ತಾರೆ. ಇಲ್ಲಿ ಹಗಲೆಲ್ಲ ಒಳಬಾಗಿಲು ತೆರೆದೇ ಇದ್ದು, ಹೊರಗಿನ ಜಾಲರಿ ಬಾಗಿಲಷ್ಟೇ ಹಾಕಿರುತ್ತದೆ. ಏನು ಹುಳಿ ಕುದಿಯುತ್ತಿದೆ ಎಂದು ಮಹಡಿಗೆಲ್ಲ ಗೊತ್ತು. ಮೊದಮೊದಲು ನನಗೆ ಇದು ಹಿಂಸೆಯಾಯಿತು. ಬಾಗಿಲು ಹಾಕಿಕೊಂಡರೆ ಮೈ ಹುಷಾರಿಲ್ಲವೇ ಎಂದು ಕೇಳಲು ಬರುತ್ತಿದ್ದರು. ಕೊನೆಗೆ ನಾನೇ ಸೋತು ತೆರೆದಿಟ್ಟೆ.

ಜುಲೈಯಲ್ಲಿ ಹಳಿಗಳ ಮೇಲೆ ನೀರು ನಿಂತಿತು. ಐರೋಲಿಯಿಂದ ಠಾಣೆಯವರೆಗೆ ಹೇಗೋ ಬಂದೆ, ಅಲ್ಲಿಂದ ಮುಂದೆ ರೈಲಿಲ್ಲ. ಸಂಜೆಯ ಪ್ಲಾಟ್‌ಫಾರ್ಮಿನಲ್ಲಿ ಒದ್ದೆ ಜನರ ನಡುವೆ ನಿಂತು ಕಾಕುವಿಗೆ ಫೋನ್ ಮಾಡಿದೆ. ಎತ್ತಿದವಳು ಇಳಾ.

"ಅಮ್ಮ, ಗಾಡಿ ಬಂದ್ ಆಗಿದೆ ಅಂತ ನಮಗೆ ಆಗ್ಲೇ ಗೊತ್ತು. ಕಾಕು ಪಿಠಲಾ ಮಾಡ್ತಿದಾರೆ. ನೀನು ಆರಾಮಾಗಿ ಬಾ."

ಪಿಠಲಾ ಎಂದರೆ ಕಡಲೆಹಿಟ್ಟಿನ ಗಟ್ಟಿ ಪಲ್ಯ, ನಮ್ಮ ಉತ್ತರ ಕರ್ನಾಟಕದವರ ಜುಣಕದ ತಂಗಿ. ಫೋನ್ ಇಟ್ಟ ಮೇಲೆ ಮೊದಲು ಎದೆ ಹಗುರವಾಯಿತು. ಆಮೇಲೆ ಎಲ್ಲೋ ಚುಚ್ಚಿತು. ಬೇಗ ಬಾ ಅಮ್ಮ ಎಂದು ಒಂದು ಮಾತು ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ತಾಯಂದಿರ ಮನಸ್ಸಿಗೆ ಬುದ್ಧಿ ಇರುವುದಿಲ್ಲ. ಮಗು ಅತ್ತರೂ ಸಂಕಟ, ಅಳದಿದ್ದರೂ ಸಂಕಟ.

ದೀಪಾವಳಿಗೆ ರಘು ಬಂದ. ಡೊಂಬಿವಲಿ ಸ್ಟೇಷನ್ನಿನಲ್ಲಿ ಬೆವರಿ, ಕನ್ನಡಕ ಓರೆಯಾಗಿ ಸಿಕ್ಕಿದ. "ಇಳಿಯೋದಕ್ಕೆ ನಾನೇನೂ ಮಾಡ್ಲಿಲ್ಲ ಕಣೇ, ಹಿಂದಿನ ಜನಾನೇ ತಳ್ಳಿ ಇಳಿಸಿದ್ರು," ಎಂದ. ವಾಪಸ್ ಹೋಗಲು ಇಬ್ಬರಿಗೆ ಟಿಕೆಟ್ ಮಾಡಿಸಿದ್ದ. ಹಬ್ಬದ ಕಾಲ, ಆಮೇಲೆ ಸಿಗುವುದಿಲ್ಲ ಎಂದ. ಎರಡನೆಯದು ಯಾರಿಗೆ ಎಂದು ಕೇಳದೆ ಅವನ ಚೀಲ ಎತ್ತಿಕೊಂಡೆ.

ಇಲ್ಲಿನ ಮಕ್ಕಳು ದೀಪಾವಳಿಗೆ ಕಟ್ಟಡದ ಅಂಗಳದಲ್ಲಿ ಮಣ್ಣಿನ ಕಿಲ್ಲಾ, ಅಂದರೆ ಕೋಟೆ, ಕಟ್ಟುತ್ತಾರೆ. ಇಳಾ ಅಪ್ಪನನ್ನು ಎಳೆದುಕೊಂಡು ಹೋಗಿ ತೋರಿಸಿದಳು. ರಘು ಪಾಠ ಮಾಡುವುದು ಇತಿಹಾಸ. ಪ್ಯಾಂಟು ಮಡಚಿ ಕುಕ್ಕರುಗಾಲಿನಲ್ಲಿ ಕೂತು, ಹೆಬ್ಬಾಗಿಲು ಹೀಗೆ ನೇರ ಇಟ್ಟರೆ ಶತ್ರುಗಳು ನುಗ್ಗುತ್ತಾರೆ ಎಂದು ಹಿಂದಿಯಲ್ಲಿ ಉಪನ್ಯಾಸ ಕೊಟ್ಟ. ಮಕ್ಕಳು ಕೇಳಲಿಲ್ಲ, ಅವನ ಕೈಗೆ ಮಣ್ಣಿನ ಬಕೆಟ್ಟು ಕೊಟ್ಟರು. ಅವನು ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿ ಬಹಳ ದಿನವಾಗಿತ್ತು. ಈ ಮನುಷ್ಯನನ್ನು ನಾನು ಒಂಟಿಯಾಗಿ ಬಿಟ್ಟು ಬಂದಿದ್ದೇನೆ ಎಂದು ಬಾಲ್ಕನಿಯಲ್ಲಿ ನಿಂತ ನನಗೆ ದುಃಖವಾಯಿತು.

ಕೈ ತೊಳೆದು ಮೇಲೆ ಬಂದವನು ಚಕ್ಕುಲಿ ಮುರಿಯುತ್ತ, ನನ್ನ ಕಡೆ ನೋಡದೆ ಕೇಳಿದ. "ಇಳಾ, ನನ್ ಜೊತೆ ಮೈಸೂರಿಗೆ ಬರ್ತೀಯಾ?"

ಅವಳು ಯೋಚಿಸಿದಳು.

"ಕಾಕೂಲಾ ವಿಚಾರೂನ್ ಸಾಂಗ್ತೇ," ಎಂದಳು. ಕಾಕುವನ್ನು ಕೇಳಿ ಹೇಳುತ್ತೇನೆ ಎಂದು. ತಾನು ಅಪ್ಪನ ಜೊತೆ ಮರಾಠಿಯಲ್ಲಿ ಮಾತಾಡಿದ್ದು ಅವಳ ಗಮನಕ್ಕೇ ಬರಲಿಲ್ಲ. ಚಪ್ಪಲಿ ಮೆಟ್ಟಿ ಓಡಿದಳು. ಅಮ್ಮನನ್ನು ಕೇಳುತ್ತೇನೆ ಎಂದು ಅನ್ನಲಿಲ್ಲ. ಅಪ್ಪ ಹೇಳಿದಂತೆ ಎಂದೂ ಅನ್ನಲಿಲ್ಲ. ನಾವಿಬ್ಬರೂ ಬಾಲ್ಕನಿಯಲ್ಲಿ ನಿಂತು ಕಾದೆವು.

ಎದುರಿನ ಬಾಲ್ಕನಿಗೆ ಕಾಕು ಬಂದರು. ಇಡೀ ಗಲ್ಲಿಗೆ ಕೇಳುವಂತೆ ಇಳಾಳಿಗೆ ಹೇಳಿದರು. "ಬಾಬಾಂಬರೋಬರ್ ಜಾ. ಸುಟ್ಟೀ ಸಂಪಲೀ ಕೀ ಪರತ್ ಯೇ. ಅಭ್ಯಾಸ್ ವಿಸರಾಯಚಾ ನಾಹೀ." ಅಪ್ಪನ ಜೊತೆ ಹೋಗು, ರಜೆ ಮುಗಿದ ಕೂಡಲೇ ವಾಪಸ್ ಬಾ, ಓದು ಮರೆಯಬೇಡ.

ರಘುವಿಗೆ ಮರಾಠಿ ಬಾರದಿದ್ದರೂ ಅರ್ಥವಾಯಿತು. "ತೀರ್ಪು ಬಂತಲ್ಲ," ಎಂದು ನಕ್ಕ. ಆಮೇಲೆ, "ರಜೆ ಮುಗಿದ್ಮೇಲೆ ನಾನೇ ಕರ್ಕೊಂಡ್ ಬಂದ್ ಬಿಡ್ತೀನಿ. ಇಲ್ಲೇ ಓದ್ಲಿ," ಎಂದ. ನನಗೆ ಬೇಕಾದದ್ದು ಇದೇ ಮಾತು. ಬೇಸಿಗೆಯಿಂದ ಇದಕ್ಕಾಗಿಯೇ ಒದ್ದಾಡಿದ್ದೆ. ಸಿಕ್ಕಾಗ ಅವನ ಕೈ ಹಿಡಿದುಕೊಂಡೆ.

ಇಲ್ಲಿ ಶಾಲೆಗಳಿಗೆ ದೀಪಾವಳಿ ರಜೆ ಉದ್ದ. ರಘುವಿನ ಕಾಲೇಜಿಗೆ ಅಷ್ಟಿಲ್ಲ. ಅವರಿಬ್ಬರೂ ಹೋದ ಮೇಲೆ ನಾನು ಆಫೀಸಿನಿಂದ ಬಂದು ನೇರ ನಮ್ಮ ಮೆಟ್ಟಿಲು ಹತ್ತಿದರೆ, ಎದುರಿನಿಂದ ಕಾಕು ಗದರಿ ಕರೆಯುತ್ತಿದ್ದರು. ಒಬ್ಬಳಿಗೆ ಏನು ಅಡುಗೆ, ಇಲ್ಲೇ ಬಂದು ಉಣ್ಣು ಎಂದು. ಹೀಗೆ ಒಂದು ಸಂಜೆ ನಾನು ಮಕ್ಕಳ ಸಾಲಿನಲ್ಲಿ ತಟ್ಟೆಯ ಮುಂದೆ ಕೂತಿರುವಾಗ ಇಳಾಳ ಫೋನ್ ಬಂತು.

"ಅಮ್ಮ, ನೀನು ಕಾಕು ಮನೇಲಿದೀಯಾ?"

"ಹೂಂ ಪುಟ್ಟಿ. ಊಟ ಮಾಡ್ತಿದೀನಿ."

"ಒಳ್ಳೇದಾಯ್ತು. ಅಮ್ಮ, ಅಪ್ಪ ಕಾಲೇಜಿಂದ ಬರೋವಾಗ ಇಲ್ಲಿ ಮನೇಲಿ ಯಾರೂ ಇರಲ್ಲ ಗೊತ್ತಾ? ಲೈಟೂ ಹಾಕಿರಲ್ಲ. ಅದಕ್ಕೆ ನಾನು ಅಜ್ಜಿ ಮನೆಯಿಂದ ಮುಂಚೇನೇ ಬಂದು ಲೈಟ್ ಹಾಕಿ ಕೂತಿರ್ತೀನಿ."

"ಜಾಣೆ."

"ನಾನು ಅಲ್ಲಿಗೆ ಬಂದ್ಮೇಲೆ ಏನ್ ಮಾಡೋದಮ್ಮ? ಅಪ್ಪಂಗೆ ಇಲ್ಲಿ ಕಾಕು ಇಲ್ವಲ್ಲ."

ಅಡುಗೆಮನೆಯಿಂದ ಕಾಕು, ಮಗು ಏನನ್ನುತ್ತಿದೆ ಎಂದು ಕೇಳಿದರು. ಅವಳು ಕೇಳಿದ್ದನ್ನು ಮುಚ್ಚಿಟ್ಟು, ಸೋಮವಾರ ಬರುತ್ತಾಳಂತೆ ಎಂದೆ. ಇಳಾ ಸೋಮವಾರವೇ ಬಂದಳು, ಶಾಲೆ ಶುರುವಾಯಿತು, ಎಲ್ಲ ಸರಿಯಾಗಿಯೇ ಇದೆ. ಅವಳು ಕೇಳಿದ್ದಕ್ಕೆ ಮಾತ್ರ ನಾನು ಇವತ್ತಿಗೂ ಉತ್ತರ ಹೇಳಿಲ್ಲ.