ತವರಿಗೆ ವಾಪಸ್ ಬಂದ ಕೊಬ್ಬರಿ

‘ಮಡಿಲಿಗೆ ಹಾಕಿದ್ದು ತವರಿಗೆ ಮರಳಬಾರದು, ಮರಳಿದರೆ...’ ಅವ್ವನ ಮಾತು ಅರ್ಧವೇ ನೆನಪಿದೆ. ಮರಳಿದರೆ ಏನಾಗುತ್ತದೆ, ಗೆಳೆಯರೇ? ಪಾಪ, ಅವ್ವ ವಿಮಾನ ನಿಲ್ದಾಣ ನೋಡಿದವಳಲ್ಲ.

ಐದು ವರ್ಷದ ಮೇಲೆ ತಮಿಳು ಸೀಮೆಯ ನಮ್ಮ ತೇನಿಗೆ ಬಂದಿದ್ದ ತಂಗಿ ಇವತ್ತು ಗುವಾಹಟಿಗೆ ಹೊರಟಳು. ಅವ್ವ ಹೋದ ಮೇಲೆ ಮೊದಲ ಸಲ ಅವಳ ಮಡಿಲು ತುಂಬಿದವಳು ನಾನು. ಅಕ್ಕಿ, ಅರಿಶಿನದ ಕೊಂಬು, ಎರಡು ಬಟ್ಟಲು ಕೊಬ್ಬರಿ. ಅದನ್ನು ಬೇರೆ ಸಾಮಾನಿನ ಜೊತೆ ಹಾಕಲು ಮನಸ್ಸಾಗದೆ ಕೈಚೀಲದಲ್ಲೇ ಇಟ್ಟುಕೊಂಡಳು. ಈಗ ತಪಾಸಣೆ ಬಿಗಿಯಂತೆ, ಕಳಿಸಲು ಬಂದವರನ್ನು ಒಳಗೆ ಬಿಡುವುದಿಲ್ಲ. ವಿಮಾನ ನಿಲ್ದಾಣದ ಗಾಜಿನ ಈಚೆ ನಿಂತೆ. ದೂರ ಸರಿಯುವ ಅವಳ ನಡಿಗೆ ಥೇಟ್ ಅವ್ವನದೇ.

ಸ್ವಲ್ಪ ಹೊತ್ತಿಗೆ ಬಾಗಿಲಿಗೆ ವಾಪಸ್ ಬಂದಳು, ಜೊತೆಗೆ ಒಬ್ಬ ಕಾವಲಿನವ.

"ಕೊಬ್ಬರೀಲಿ ಎಣ್ಣೆ ಇದೆ, ಬೆಂಕಿ ಹಿಡಿಯುತ್ತೆ. ನೀವು ಇಟ್ಕೊಳ್ತೀರೋ, ಕಸದ ಬುಟ್ಟಿಗೆ ಹಾಕ್ಲೋ?" ಎಂದು ತಮಿಳಿನಲ್ಲಿ ಕೇಳಿದ.

"ಬುಟ್ಟಿಗೆ ಬ್ಯಾಡ ಅಕ್ಕಾ," ಎಂದಳು ತಂಗಿ.

ಅಕ್ಕಿ, ಅರಿಶಿನ ಮಾತ್ರ ಅವಳ ಜೊತೆ ಹಾರಿದವು.

ನಾನಿರುವುದು ಅವ್ವನ ಮನೆಯಲ್ಲೇ. ಸಂಜೆ ಹೊಸಲಿನ ಮುಂದೆ ಕೊಬ್ಬರಿ ಹಿಡಿದು ನಿಂತುಬಿಟ್ಟೆ. ಒಳಗೆ ಒಯ್ಯುವಂತಿಲ್ಲ, ಎಸೆಯಲು ಕೈ ಬಾರದು. ಪಕ್ಕದ ಮನೆಯ ರಾಜಮ್ಮತ್ತೆ ಬಂದು, ಎಲ್ಲ ಕೇಳಿ, ಸೆರಗು ಒಡ್ಡಿದರು.

"ಇತ್ತ ಕೊಡು ತಾಯಿ, ನಮ್ಮನೇಲಿ ಇರ್ಲಿ. ಅವಳೇ ಬಂದು ಇಸ್ಕಂಡು ಹೋಗ್ಲಿ. ಇನ್ನೂ ಐದು ವರ್ಸ ಮಾಡಿದ್ರೆ ಚಟ್ನಿ ಅರೆದುಬುಡ್ತೀನಿ ಅಂತ ಫೋನ್ ಮಾಡಿ ಹೇಳು."