ಪೈಲಿ ಮಾಷ್ ಕೇಳಿದ ಪುಟ

ತ್ರಿಶೂರಿನ ಜಿನ್ಸಿ ವೆಬ್ ಪುಟಗಳ ವಿನ್ಯಾಸ ಮಾಡುತ್ತ ಹತ್ತು ವರ್ಷದಿಂದ ಅನ್ನ ಕಂಡುಕೊಂಡವಳು. ತನ್ನ ಬೀದಿಯ ವಾಚನಾಲಯಕ್ಕೆ ಅವಳು ಮಾಡಿಕೊಟ್ಟ ಪುಟವನ್ನು ಎಲ್ಲರೂ ಹೊಗಳಿದರು. ಅಲ್ಲಿನ ಹಳೆಯ ಸದಸ್ಯರಾದ ಪೈಲಿ ಮಾಷ್ ಮಾತ್ರ ನಗತೊಡಗಿದರು. ಸಂಗೀತದ ಮೇಷ್ಟ್ರಾಗಿದ್ದ ಅವರಿಗೆ ಕಣ್ಣು ಕಾಣದು; ಮೊಬೈಲೇ ಪುಟವನ್ನು ಗಟ್ಟಿಯಾಗಿ ಓದಿ ಹೇಳಬೇಕು.

"ಚಿತ್ರ, ಚಿತ್ರ, ಬಟನ್, ಬಟನ್... ಬರೀ ಇಷ್ಟೇ ಅನ್ನುತ್ತೆ ಇದು. ಮಗಳೇ, ಮನೆಯೇನೋ ಚೆನ್ನಾಗಿ ಕಟ್ಟಿದೀಯ, ಬಾಗಿಲು ಎಲ್ಲಿ ಅಂತ ಹೇಳೋರೇ ಇಲ್ವಲ್ಲ!"

ಜಿನ್ಸಿಯ ಮುಖ ಚಿಕ್ಕದಾಯಿತು. "ನಿಮ್ಮ ಪಕ್ಕದಲ್ಲೇ ಕೂತು ಸರಿಮಾಡ್ತೀನಿ ಮಾಷೇ" ಎಂದಳು.

ಮೂರು ಮಧ್ಯಾಹ್ನ ಅವಳು ಕಣ್ಣು ಮುಚ್ಚಿಕೊಂಡು ತನ್ನದೇ ಪುಟವನ್ನು ಕೇಳಿದಳು. ಒಂದೊಂದು ಬಟನ್ನಿಗೂ ಹೆಸರಿಟ್ಟಳು. ಮೊದಲ ಚಿತ್ರದ ಬಗ್ಗೆ ಮೊಬೈಲು ಓದಿ ಹೇಳಲೆಂದು 'ವಾಚನಾಲಯ' ಎಂದು ಬರೆದಾಗ ಮಾಷ್ ಒಪ್ಪಲಿಲ್ಲ.

"ಅದು ನಂಗೂ ಗೊತ್ತು. ಚಿತ್ರದಲ್ಲಿ ಏನೇನಿದೆ ಹೇಳು."

ಅವಳು ಮತ್ತೆ ನೋಡಿ ಬರೆದಳು: 'ಹೆಂಚಿನ ಕಟ್ಟಡ, ನೀಲಿ ಬಾಗಿಲು, ಮೂರನೆಯ ಮೆಟ್ಟಿಲ ಮೇಲೆ ಮಲಗಿರುವ ಕಂದು ಬೆಕ್ಕು.'

ಮೊಬೈಲು ಅದನ್ನು ಓದಿದ ಮೇಲೆ ಮಾಷ್ ಇನ್ನೊಮ್ಮೆ ಓದಿಸಿ ಕೇಳಿದರು.

"ದಿನಾ ಆ ಮೆಟ್ಟಿಲು ಹತ್ತುತ್ತೀನಿ. ಅಲ್ಲೊಂದು ಬೆಕ್ಕಿದೆ ಅಂತ ಇವತ್ತಿನವರೆಗೂ ಒಬ್ರೂ ಹೇಳಿರಲಿಲ್ಲ, ನೋಡು."

ಈಗಲೂ ಜಿನ್ಸಿ ಹೊಸ ಪುಟ ಹಿಡಿದಾಗ ಬಣ್ಣಕ್ಕೆ ಕೈಹಾಕುವ ಮುಂಚೆ ಅದರ ಮಾತುಗಳನ್ನಷ್ಟೇ ಕೇಳಿಸಿಕೊಳ್ಳುತ್ತಾಳೆ. ಈ ವಿದ್ಯೆ ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ, "ಅರ್ಧ ಕಾಲೇಜಲ್ಲಿ, ಇನ್ನರ್ಧ ನಮ್ಮ ಪೈಲಿ ಮಾಷ್ ಹತ್ರ" ಎಂದು ಕೈಮುಗಿಯುತ್ತಾಳೆ.