ಪಿ ಅಂದರೆ ಬರೀ ಪಾಸು

ನಮ್ಮ ಭಾವನಿಗೆ ಕೂತಲ್ಲಿ ಕೂರಲಾಗದ ಕಾಯಿಲೆ. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲಂತೂ ಮನೆ ತುಂಬ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಟ. ನೆಟ್ಟಗಿದ್ದ ಕಿಟಕಿಯ ಚಿಲಕ ಬಿಚ್ಚುವರು, ಮತ್ತೆ ಕೂರಿಸಲಾಗದೆ ನನ್ನ ಮೇಲೆ ರೇಗುವರು. ನಾನೇನು ಬಾಯಿ ಸತ್ತವಳೇ? ತಿರುಗಿಸಿ ಕೊಡುತ್ತೇನೆ.

ಸಂಸಾರದ ಗಾಡಿ ಎಳೆಯುವವಳು ನಮ್ಮಕ್ಕ, ನಿಜವಾಗಿಯೂ ಗಾಡಿಯಿಂದಲೇ. ಬಾಡಿಗೆ ಕಾರು ಓಡಿಸುತ್ತಾಳೆ. ಅದರ ಬಾನೆಟ್ಟನ್ನು ಗಂಡನಿಗೂ ಮುಟ್ಟಗೊಡುತ್ತಿರಲಿಲ್ಲ. ತನ್ನಿಂದ ಈ ಮನೆಗೆ ಏನೂ ಉಪಯೋಗವಿಲ್ಲವೇ ಎಂದು ಭಾವ ಒಂದು ದಿನ ಕೇಳಿಯೇಬಿಟ್ಟರು. ಅಕ್ಕನ ಮನಸ್ಸು ಕರಗಿತು. ಎಂಜಿನ್ ಆಯಿಲ್ ಬದಲಿಸುವ ಕೆಲಸ ಭಾವನ ಪಾಲಿಗೆ ಬಂತು.

ಹಳೆಯ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ತಾವೇ ಆರಿಸಿ ತಂದ ಹೊಸ ಎಣ್ಣೆ ತುಂಬಿದರು. ಮಾರನೆಯ ಬೆಳಿಗ್ಗೆ ಅಕ್ಕ ದೂರದ ಬಾಡಿಗೆಗೆ ಹೊರಟಾಗ ಗೇಟಿನ ತನಕ ಹೋಗಿ, ಬೀಗುತ್ತಾ ವಾಪಸು ಬಂದರು.

ಖಾಲಿ ಡಬ್ಬ ಎಸೆಯಲು ಹೋದವಳು ನಾನು. ಅದರ ಮೇಲೆ 'ಎಸ್‌ಎ' ಎಂದಿತ್ತು. ಅಕ್ಕ ಯಾವಾಗಲೂ ತರುವುದು 'ಎಸ್‌ಪಿ'. ಇದ್ಯಾಕೆ ಬೇರೆ ಎಂದೆ.

"ಇಷ್ಟು ದಿನ ನಿಮ್ಮಕ್ಕ ಬರೀ ಪಾಸಾಗಿರೋ ಎಣ್ಣೆ ಹಾಕ್ತಿದ್ಲು. ನಾನು ಎ ಗ್ರೇಡಿಂದೇ ತಂದೆ," ಎಂದು ಭಾವ ನಕ್ಕರು.

ನನಗೆ ಅನುಮಾನ ಬಂತು. ಅಕ್ಕ ಎಣ್ಣೆ ಕೊಳ್ಳುವ ಅಂಗಡಿಗೆ ಫೋನು ಮಾಡಿದೆ. ಅಂಗಡಿಯವರು ಬಿಡಿಸಿ ಹೇಳಿದರು: ಎಸ್ ಅಂದರೆ ಪೆಟ್ರೋಲ್ ಗಾಡಿಯದು. ಅದರ ಪಕ್ಕದ ಅಕ್ಷರ ಎ ಯಿಂದ ಶುರುವಾಗಿ, ಎಂಜಿನ್‌ಗಳು ಸುಧಾರಿಸಿದ ಹಾಗೆಲ್ಲ ಮುಂದೆ ಸಾಗುತ್ತದೆ. ಎ ಎಲ್ಲಕ್ಕಿಂತ ಹಳೆಯದು, ಮುತ್ತಜ್ಜನ ಕಾಲದ ಎಂಜಿನ್ನಿಗೆ ಸರಿ. ಈಗಿನ ಕಾರಿಗೆ ಹಾಕಿ ದೂರ ಓಡಿಸಿದರೆ ಒಳಗೊಳಗೇ ಸವೆದು ಕೆಡುತ್ತದೆ.

ಎಂಜಿನ್ ಹೋದರೆ ನಮ್ಮ ಅನ್ನವೇ ಹೋದಂತೆ. ವಿಷಯ ಕೇಳಿದ್ದೇ ಭಾವ ಅಕ್ಕನಿಗೆ ಫೋನು ಮಾಡಿದರು. ಅಕ್ಕ ಗಾಡಿ ಓಡಿಸುವಾಗ ಫೋನು ಎತ್ತುವುದಿಲ್ಲ. ಭಾವ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ ಶತಪಥ ಹಾಕತೊಡಗಿದರು. ಅವರ ಒದ್ದಾಟ ನೋಡಲಾರದೆ, ಮಾರಿದವನು ಮೋಸ ಮಾಡಿದ ಎಂದು ನಾನೇ ಅಕ್ಕನಿಗೆ ಹೇಳುತ್ತೇನೆ ಅಂದೆ. ಬೇಡವೆಂದು ತಲೆಯಾಡಿಸಿದರು. ಒಮ್ಮೆ ಕೊಟ್ಟ ಅಂಕವನ್ನು ಯಾರು ಕಾಲಿಗೆ ಬಿದ್ದರೂ ತಿದ್ದದಿದ್ದ ಮನುಷ್ಯ ಅವರು.

ಬಹಳ ಹೊತ್ತಿನ ಮೇಲೆ, ದಾರಿಯಲ್ಲಿ ನಿಂತಾಗ ಅಕ್ಕನೇ ಫೋನು ಮಾಡಿದಳು.

"ನಾನು ತಪ್ಪು ಎಣ್ಣೆ ಹಾಕ್ಬಿಟ್ಟೆ ಕಣೇ. ಗಾಡಿ ಅಲ್ಲೇ ನಿಲ್ಸಿರು," ಎಂದರು ಭಾವ.

ಪ್ರಯಾಣಿಕರನ್ನು ಬೇರೆ ಕಾರಿಗೆ ಹತ್ತಿಸುತ್ತೇನೆ ಎಂದಳು ಅಕ್ಕ. ಮೆಕ್ಯಾನಿಕ್ಕನನ್ನು ಕಳಿಸಲೇ ಎಂದು ಭಾವ ಮೆಲ್ಲಗೆ ಕೇಳಿದರು.

"ಅವನ್ಯಾಕೆ? ನನ್ನ ಗಾಡಿಗೆ ಎಣ್ಣೆ ಹಾಕೋರು ನೀವಲ್ವಾ? ಸರಿಯಾದ್ದು ತಗೊಂಡು ನೀವೇ ಬನ್ನಿ."

ಭಾವ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು. ನಾನು ಕಂಡೂ ಕಾಣದವಳಂತೆ ಸ್ಪ್ಯಾನರ್ ಹುಡುಕಲು ಹೋದೆ.